ಉಮ್ ಖಾಲಿದ್ ಕಾಲು ಹಿಂದಿಟ್ಟ ದಿನ

ಅದು 2023. ವಿಶ್ವಕಪ್ ಫುಟ್‌ಬಾಲಿನ ಗದ್ದಲ ಮುಗಿದು, ದೋಹಾದ ರಸ್ತೆಗಳು ಮತ್ತೆ ನಮ್ಮಂಥ ದುಡಿಯುವವರ ಪಾಲಿಗೆ ಬಂದಿದ್ದ ವರ್ಷ. ನಾನು ಆಗ ಅಲ್ ಸದ್ದ್‌ನ ಒಂದು ಖಾಸಗಿ ಪುನರ್ವಸತಿ ಕೇಂದ್ರದಲ್ಲಿ ಮಹಿಳಾ ವಿಭಾಗದ ಸೀನಿಯರ್ ಫಿಸಿಯೋಥೆರಪಿಸ್ಟ್ ಆಗಿದ್ದೆ. ಊರು ಕಟಪಾಡಿ, ಓದಿದ್ದು ಮಂಗಳೂರಿನಲ್ಲಿ, ದುಡಿದದ್ದೆಲ್ಲ ಕತಾರಿನಲ್ಲಿ. ಹೆಸರು ಐರಿನ್. ರೋಗಿಗಳು ‘ಸಿಸ್ಟರ್ ಐರಿನ್’ ಎನ್ನುತ್ತಾರೆ. ನಾನು ನರ್ಸ್ ಅಲ್ಲ, ಕನ್ಯಾಸ್ತ್ರೀಯಂತೂ ಅಲ್ಲವೇ ಅಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ. ಫಿಸಿಯೋಥೆರಪಿ ಎಂದರೆ ಎಣ್ಣೆ ಹಚ್ಚಿ ತಿಕ್ಕುವುದು ಎಂದು ನನ್ನ ಸ್ವಂತ ಭಾವನೇ ಇನ್ನೂ ನಂಬಿಕೊಂಡಿರುವಾಗ ಹೊರಗಿನವರನ್ನು ತಿದ್ದಿ ಏನು ಪ್ರಯೋಜನ ಎಂದು ಆಮೇಲೆ ಬಿಟ್ಟುಬಿಟ್ಟೆ.

ಆ ವರ್ಷದ ಜನವರಿಯಲ್ಲಿ ಚೈತ್ರಾ ನನ್ನನ್ನು ಹುಡುಕಿಕೊಂಡು ಬಂದಳು. ಮೈಸೂರಿನವಳು, ಮೂವತ್ತು ದಾಟಿದ್ದಳು, ಅಲ್ ರಯ್ಯಾನ್‌ನಲ್ಲಿ ಮನೆ. ಗಂಡ ಹರೀಶ ಕಟ್ಟಡ ಕಂಪನಿಯೊಂದರಲ್ಲಿ ಇಂಜಿನಿಯರ್, ಇಬ್ಬರು ಮಕ್ಕಳು ಶಾಲೆಗೆ ಹೋಗುವವರು. ಬಿ.ಪಿ.ಟಿ., ಅಂದರೆ ಫಿಸಿಯೋಥೆರಪಿಯ ಪದವಿ ಮುಗಿಸಿದ ಬೆನ್ನಿಗೇ ಮದುವೆ, ಮದುವೆಯ ಬೆನ್ನಿಗೇ ವಿಮಾನ. ಇಂಟರ್ನ್‌ಶಿಪ್ ಬಿಟ್ಟರೆ ಒಂದು ದಿನವೂ ಆ ಕೆಲಸ ಮಾಡಿದವಳಲ್ಲ.

“ನನ್ ಡಿಗ್ರಿ ಸರ್ಟಿಫಿಕೇಟು ಒಂಬತ್ತು ವರ್ಷದಿಂದ ಬೀರುನಲ್ಲಿ ರೇಷ್ಮೆ ಸೀರೆ ಕೆಳಗಿದೆ ಮೇಡಂ,” ಎಂದಳು. “ಸೀರೆನಾದ್ರೂ ವರ್ಷಕ್ಕೊಂದ್ಸಲ ಆಚೆ ಬರುತ್ತೆ.”

ಅವಳ ಕಷ್ಟ ಹೀಗಿತ್ತು. ಕತಾರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ದುಡಿಯಲು ಲೈಸೆನ್ಸ್ ಬೇಕು. ಲೈಸೆನ್ಸಿಗೆ ಇತ್ತೀಚಿನ ಕೆಲಸದ ಅನುಭವ ಬೇಕು. ಅನುಭವ ಪಡೆಯಲು ಲೈಸೆನ್ಸ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಕಥೆ. ಇದರಿಂದ ಹೊರಬರಲು ಅವಳಿಗೆ ಕಂಡ ಒಂದೇ ಬಾಗಿಲು ಸ್ನಾತಕೋತ್ತರ ಪದವಿ. ಹೊರದೇಶದ ಒಂದು ವಿಶ್ವವಿದ್ಯಾಲಯ ಪಾಠವನ್ನು ಆನ್‌ಲೈನ್‌ನಲ್ಲಿ ಮಾಡಿ, ರೋಗಿಗಳ ಜೊತೆಗಿನ ತರಬೇತಿಯನ್ನು ವಿದ್ಯಾರ್ಥಿ ಇರುವ ಊರಿನ ಕೇಂದ್ರದಲ್ಲೇ ಕೊಡುತ್ತಿತ್ತು. ಅದರ ಪ್ರವೇಶಕ್ಕೆ ಷರತ್ತುಗಳ ಮಾಲೆಯೇ ಇತ್ತು: ಅಂಕಗಳು, ಇಂಗ್ಲಿಷ್ ಪರೀಕ್ಷೆ, ಸ್ವಂತ ಪ್ರಬಂಧ, ಸಂದರ್ಶನ. ಅವುಗಳಲ್ಲಿ ಎರಡು ಷರತ್ತುಗಳು ಅವಳ ಕುತ್ತಿಗೆಗೆ ಬಂದಿದ್ದವು. ಪದವಿ ಪಡೆದು ಹತ್ತು ವರ್ಷ ದಾಟಿರಬಾರದು ಎಂಬುದು ಒಂದು. ಅಂದರೆ ಈ ಸಲ ತಪ್ಪಿದರೆ ಮತ್ತೆ ಅರ್ಜಿಯೇ ಇಲ್ಲ. ಲೈಸೆನ್ಸ್ ಇರುವ ಥೆರಪಿಸ್ಟ್ ಒಬ್ಬರ ಕಣ್ಣಳತೆಯಲ್ಲಿ, ಎರಡು ಬೇರೆ ಬೇರೆ ಬಗೆಯ ಜಾಗಗಳಲ್ಲಿ ಒಟ್ಟು ನೂರು ಗಂಟೆ ‘ಅಬ್ಸರ್ವೇಶನ್’ ಮುಗಿಸಿರಬೇಕು ಎಂಬುದು ಇನ್ನೊಂದು. ಅಬ್ಸರ್ವೇಶನ್ ಎಂದರೆ ಬರೀ ನೋಡುವುದು. ರೋಗಿಯನ್ನು ಮುಟ್ಟುವಂತಿಲ್ಲ, ಸಲಹೆ ಕೊಡುವಂತಿಲ್ಲ. ಮದುವೆಮನೆಗೆ ಹೋಗಿ ಪಂಕ್ತಿಯಲ್ಲಿ ಕೂರದೆ ಕಂಬಕ್ಕೊರಗಿ ನಿಂತು ಬರುವಂಥ ಕೆಲಸ.

ಈ ನೂರು ಗಂಟೆಗಾಗಿ ನನ್ನಲ್ಲಿಗೆ ಬಂದವರಲ್ಲಿ ಅವಳು ಮೊದಲನೆಯವಳಲ್ಲ. ಆದರೆ ಹೆಚ್ಚಿನವರಿಗೆ ಬೇಕಿದ್ದದ್ದು ನನ್ನ ಸಹಿ ಮಾತ್ರ. “ನಮ್ಮವರೇ ಅಲ್ವಾ ಸಿಸ್ಟರ್, ಮಗಳು ಬ್ಯುಸಿ ಉಂಟು, ನೀವು ಒಂದು ಸೈನ್ ಹಾಕಿ ಬಿಡಿ” ಎಂದು ಸಿಹಿ ಡಬ್ಬ ಹಿಡಿದು ಬಂದ ತಂದೆತಾಯಿಗಳನ್ನು ಡಬ್ಬದ ಸಮೇತ ಲಿಫ್ಟಿನ ತನಕ ಬೀಳ್ಕೊಟ್ಟು ಬಂದಿದ್ದೇನೆ. ಚೈತ್ರಾ ಸಹಿಯ ಮಾತೇ ಎತ್ತಲಿಲ್ಲ. “ನಾನು ಎಲ್ಲಿ ನಿಂತ್ಕೋಬೇಕು ಮೇಡಂ?” ಎಂದು ಕೇಳಿದಳು. ನನಗೆ ಹುಡುಗಿ ಹಿಡಿಸಿದಳು.

ನಿಲ್ಲುವ ಜಾಗವನ್ನು ನೆಲದ ಮೇಲೆ ಹಳದಿ ಟೇಪ್ ಅಂಟಿಸಿ ಗುರುತು ಮಾಡಲಾಗಿತ್ತು. ಅದು ನಮ್ಮ ಕ್ವಾಲಿಟಿ ಮ್ಯಾನೇಜರ್ ಪ್ರಸಾದ್ ಅವರ ಕೆಲಸ. ಬೆಂಗಳೂರಿನವರು, ಇಸ್ತ್ರಿ ಕೆಡದ ಶರ್ಟಿನ, ಧ್ವನಿ ಏರಿಸದ ಮನುಷ್ಯ. ಕೇಂದ್ರದ ಸುರಕ್ಷತಾ ನಿಯಮಗಳು, ಅನುಮತಿಗಳು, ಪ್ರಮಾಣಪತ್ರಕ್ಕೆ ಒತ್ತುವ ಸೀಲು ಎಲ್ಲವೂ ಅವರ ಕೈಯಲ್ಲಿದ್ದವು. ನೋಡಲು ಬಂದವರು ಹಳದಿ ಟೇಪಿನ ಹಿಂದೆ ನಿಲ್ಲಬೇಕು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ನಿಯಮ ಸರಿಯಾಗಿಯೇ ಇತ್ತು. ನಮ್ಮ ಕಡೆಯ ಹೆಂಗಸರು ಎಲ್ಲೂ ಸುಮ್ಮನೆ ನಿಲ್ಲುವವರಲ್ಲ. ದಿಂಬು ಸರಿ ಮಾಡುತ್ತಾರೆ, ನೀರು ತಂದುಕೊಡುತ್ತಾರೆ, ಬೆವರು ಒರೆಸುತ್ತಾರೆ. ಚೈತ್ರಾ ಕೈ ಕಟ್ಟಿಕೊಂಡು ನಿಲ್ಲುವುದನ್ನು ಕಲಿಯಲು ಒಂದು ವಾರ ಹಿಡಿಯಿತು. ಆಮೇಲೆ ಅವಳು ನೋಡುವ ರೀತಿ ಬದಲಾಯಿತು. ರೋಗಿ ನಡೆಯುವಾಗ ಮುಖ ನೋಡುತ್ತಿದ್ದವಳು ಪಾದ ನೋಡತೊಡಗಿದಳು.

ಮಾರ್ಚಿನಲ್ಲಿ ಉಮ್ ಖಾಲಿದ್ ನಮ್ಮಲ್ಲಿಗೆ ಬಂದರು. ಕತಾರಿ ಅಜ್ಜಿ, ವಯಸ್ಸು ಎಪ್ಪತ್ತರ ಮೇಲೆ. ಇಲ್ಲಿ ಹೆಂಗಸರನ್ನು ಹಿರಿಯ ಮಗನ ಹೆಸರಿನಿಂದ ಕರೆಯುವುದು ಗೌರವ. ಉಮ್ ಖಾಲಿದ್ ಎಂದರೆ ಖಾಲಿದನ ತಾಯಿ. ಸ್ನಾನದ ಮನೆಯಲ್ಲಿ ಜಾರಿ ಬಲ ಸೊಂಟದ ಕೀಲು ಮುರಿದು, ಆಪರೇಶನ್ ಆಗಿತ್ತು. ಕೀಲು ಚೆನ್ನಾಗಿ ಕೂತಿದೆ, ಪೂರ್ತಿ ಭಾರ ಹಾಕಬಹುದು ಎಂದು ಸರ್ಜನ್ ಬರೆದುಕೊಟ್ಟಿದ್ದರು. ಆದರೆ ಅಜ್ಜಿ ಆ ಕಾಲನ್ನು ನೆಲಕ್ಕೆ ತಾಗಿಸುತ್ತಿದ್ದರೇ ಹೊರತು ಅದರ ಮೇಲೆ ನಿಲ್ಲುತ್ತಿರಲಿಲ್ಲ. ಪ್ಯಾರಲಲ್ ಬಾರ್, ಅಂದರೆ ಎರಡೂ ಬದಿಗೆ ಹಿಡಿದು ನಡೆಯುವ ಕಂಬಿಗಳ ನಡುವೆ, ತೋಳಿನ ಬಲದ ಮೇಲೆ ತೂಗಿಕೊಂಡು ಎಡಗಾಲಲ್ಲೇ ಕುಪ್ಪಳಿಸುತ್ತಿದ್ದರು. ನಾನು ಗದರಿಸಿದೆ, ಪುಸಲಾಯಿಸಿದೆ, ಕನ್ನಡಿ ಇಟ್ಟು ತೋರಿಸಿದೆ. “ಇದು ನನ್ನ ಕಾಲಲ್ಲ, ಡಾಕ್ಟರನ ಕಾಲು. ಅವನೇ ಬಂದು ಇದರ ಮೇಲೆ ನಿಲ್ಲಲಿ” ಎನ್ನುತ್ತಿದ್ದರು. ಏಪ್ರಿಲ್ ಮುಗಿಯುತ್ತ ಬಂದರೂ ಅಜ್ಜಿ ಹಟ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಆ ದಿನ ಬೆಳಿಗ್ಗೆ ಅಜ್ಜಿ ಕಂಬಿಗಳ ತುದಿಗೆ ಬಂದು ನಿಂತಿದ್ದರು. ಅವರ ಸೊಂಟಕ್ಕೆ ಕಟ್ಟಿದ ಬೆಲ್ಟ್ ನನ್ನ ಮುಷ್ಟಿಯಲ್ಲಿತ್ತು. ಚೈತ್ರಾ ತನ್ನ ಹಳದಿ ಟೇಪಿನ ಹಿಂದೆ ಇದ್ದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಒಂದು ವೀಲ್‌ಚೇರ್ ತಳ್ಳಿಕೊಂಡು ಬಂದರು. ಅದಕ್ಕೆ ದಾರಿ ಬಿಡಲು ಅವಳು ಒಂದು ಹೆಜ್ಜೆ ಮುಂದೆ ಬಂದಳು. ಕಾಲು ಟೇಪ್ ದಾಟಿತು. ಅವಳ ಶೂ ಅಜ್ಜಿಯ ಎಡಪಾದಕ್ಕೆ ತಾಗಿತು.

ಇಲ್ಲಿ ಬೇರೆ ಯಾವ ದೇಶದವರಾಗಿದ್ದರೂ ‘ಸಾರಿ’ ಎಂದು ಹಿಂದೆ ಸರಿಯುತ್ತಿದ್ದರು. ಚೈತ್ರಾ ನಮ್ಮವಳು. ಕಾಲು ತಾಗಿದರೆ ಬಾಗಿ, ತಾಗಿದಲ್ಲಿ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು ಎಂಬುದು ನಮಗೆ ಯಾರೂ ಹೇಳಿಕೊಟ್ಟು ಬಂದದ್ದಲ್ಲ. ಕ್ರೈಸ್ತಳಾದ ನಾನೂ ಪುಸ್ತಕಕ್ಕೆ ಕಾಲು ತಾಗಿದರೆ ಹಾಗೆಯೇ ಮಾಡುತ್ತೇನೆ. ಬೆನ್ನ ಹಿಂದೆ ಕಟ್ಟಿದ್ದ ಅವಳ ಕೈ ಬಿಚ್ಚಿತು. ಅವಳು ಬಾಗಿ ಅಜ್ಜಿಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ಅಸ್ತಗ್ಫಿರುಲ್ಲಾ!” ಎಂದು ಅಜ್ಜಿ ಚೀರಿದರು. ದೇವರು ಕ್ಷಮಿಸಲಿ ಎಂದರ್ಥ. ಅವರ ಧರ್ಮದಲ್ಲಿ ಮನುಷ್ಯ ಮನುಷ್ಯನ ಕಾಲಿಗೆ ಬಾಗುವಂತಿಲ್ಲ. ಹಾವು ಕಂಡವರಂತೆ ಎಡಗಾಲನ್ನು ಹಿಂದಕ್ಕೆಳೆದುಕೊಂಡರು. ಒಂದು ಕೈಯನ್ನು ಕಂಬಿಯಿಂದ ಬಿಟ್ಟು ಚೈತ್ರಾಳ ಭುಜ ಹಿಡಿದು ಮೇಲಕ್ಕೆತ್ತಲು ನೋಡಿದರು.

ಎಡಗಾಲು ಗಾಳಿಯಲ್ಲಿ, ಒಂದು ಕೈ ಮಾತ್ರ ಕಂಬಿಯಲ್ಲಿ. ಅಂದರೆ ಅಜ್ಜಿ ನಿಂತದ್ದು ಆ ‘ಡಾಕ್ಟರನ ಕಾಲಿನ’ ಮೇಲೆ. ನಾನು ಬೆಲ್ಟ್ ಹಿಡಿದು ನೋಡುತ್ತಲೇ ಇದ್ದೆ. ಅಜ್ಜಿಗೂ ಅದು ಹೊಳೆಯಿತು. ಹೊಳೆದ ಕೂಡಲೇ ಹೆದರಿ ಮೈಯೆಲ್ಲ ತೂರಾಡಿತು. ನಾನು ಬೆಲ್ಟ್ ಎಳೆದು ಅವರನ್ನು ಹಿಂದಿದ್ದ ಕುರ್ಚಿಯಲ್ಲಿ ಕೂರಿಸಿದೆ. ಪೆಟ್ಟಾಗಲಿಲ್ಲ. ಆದರೆ ನಮ್ಮ ಭಾಷೆಯಲ್ಲಿ ಇದು ‘ನಿಯರ್ ಫಾಲ್’, ಬೀಳುವುದರಲ್ಲಿ ಉಳಿದ ಘಟನೆ. ನಿಯಮದ ಪ್ರಕಾರ ಇದನ್ನು ವರದಿ ಮಾಡಲೇಬೇಕು, ಮನೆಯವರಿಗೂ ತಿಳಿಸಬೇಕು. ಅಜ್ಜಿಯ ಮಗಳು ನೂರಾಗೆ ನಾನೇ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಬಂದು, ಒಂದು ಮಾತನ್ನೂ ಆಡದೆ ತಾಯಿಯನ್ನು ಕರೆದುಕೊಂಡು ಹೋದರು.

ಮಧ್ಯಾಹ್ನ ಪ್ರಸಾದ್ ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ಮುಂದಿನ ತಿಂಗಳು ಕೇಂದ್ರಕ್ಕೆ ತಪಾಸಣೆಯಿತ್ತು. ಅನುಮತಿ ಪಡೆದು ನೋಡಲು ಬಂದವಳೊಬ್ಬಳು ರೋಗಿಯನ್ನು ಮುಟ್ಟಿ ಬೀಳಿಸುವುದರಲ್ಲಿದ್ದಳು ಎಂಬ ವರದಿ ಹೋದರೆ ಅದು ಅವರ ವ್ಯವಸ್ಥೆಯ ಸೋಲು. ಅವರ ಸಂಕಟ ಸುಳ್ಳಾಗಿರಲಿಲ್ಲ.

“ನೋಡಿ, ನಾವೆಲ್ಲ ಕರ್ನಾಟಕದೋರು, ನಿಮಗೆ ಹೆಲ್ಪ್ ಮಾಡೋಣ ಅಂತಾನೇ ಹೇಳ್ತಿರೋದು,” ಎಂದರು. “ಫ್ಲೋರ್ ವೆಟ್ ಆಗಿತ್ತು, ಅಬ್ಸರ್ವರ್ ಸ್ಲಿಪ್ ಆದ್ರು, ಪೇಶಂಟ್‌ಗೆ ಟಚ್ ಆಯ್ತು. ಹಿಂಗೆ ಬರೆದ್ರೆ ಸಿಂಪಲ್ ಆಕ್ಸಿಡೆಂಟ್. ನಿಮ್ ಅವರ್ಸ್ ಸೇಫ್, ಸೀಲ್ ಸೇಫ್. ಇಲ್ಲಾಂದ್ರೆ ಪಾಲಿಸಿ ವಯೊಲೇಶನ್. ಪರ್ಮಿಶನ್ ಕ್ಯಾನ್ಸಲ್, ಇಲ್ಲಿವರೆಗೆ ಮಾಡಿದ್ದಕ್ಕೂ ಸೀಲ್ ಹಾಕಕ್ಕಾಗಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಅರ್ಜಿಯ ಕೊನೆಯ ದಿನಕ್ಕೆ ಇನ್ನು ಒಂದು ತಿಂಗಳಿತ್ತು. ನೂರು ಗಂಟೆಯಲ್ಲಿ ಮುಕ್ಕಾಲು ಪಾಲು ಮುಗಿದಿತ್ತು. ಒಂದು ಸಹಿ ಹಾಕಿದರೆ ಚೈತ್ರಾಳ ದಾರಿ ಸಲೀಸು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

“ನೆಲ ಒರೆಸೋರು ಮಾಯಾ ಅಲ್ವಾ ಸರ್? ಅವರಿಗೇನಾಗುತ್ತೆ?”

ಮಾಯಾ ನಮ್ಮ ವಿಭಾಗ ಸ್ವಚ್ಛ ಮಾಡುವ ನೇಪಾಳದ ಹೆಂಗಸು. ಕ್ಲೀನಿಂಗ್ ಕಂಪನಿಯೊಂದರ ಮೂಲಕ ಬಂದವಳು.

“ಒಂದು ವಾರ್ನಿಂಗ್ ಲೆಟರ್ ಹೋಗುತ್ತೆ, ಅಷ್ಟೇ. ಅದು ಅವರ ಕಂಪನಿ ಮ್ಯಾಟರ್.”

“ನೆಲ ಒಣಗಿತ್ತು ಸರ್. ನಾನು ಜಾರಲಿಲ್ಲ. ಕಾಲು ತಾಗ್ತು, ಬಗ್ಗಿ ಮುಟ್ಟಿದೆ. ಕೇಳ್ದೆ ಮುಟ್ಟಿದ್ದು ತಪ್ಪು, ಒಪ್ಕೋತೀನಿ. ಆದ್ರೆ ಜಾರಿದೆ ಅಂತ ಬರೆಯಲ್ಲ.”

“ಇಮೋಷನಲ್ ಆಗ್ಬೇಡಿ. ನಿಮಗಿದು ಲಾಸ್ಟ್ ಇಯರ್ ಅಂತ ನೀವೇ ಹೇಳಿದ್ರಿ.”

“ಲಾಸ್ಟ್ ಇಯರೇ ಸರ್,” ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಾನು ಈ ಗಲ್ಫಿನಲ್ಲಿ ಸಾಕಷ್ಟು ನೋಡಿದ್ದೇನೆ. ಎಮ್ಮೆ ಯಾವಾಗಲೂ ನೇಪಾಳದ್ದೋ ಬಾಂಗ್ಲಾದ್ದೋ ಆಗಿರುತ್ತದೆ. ನನಗೆ ಸಿಟ್ಟು ನೆತ್ತಿಗೇರಿತು. “ಪ್ರಸಾದ್, ಸಾಕ್ಷಿಯ ಸಹಿ ನನ್ನದು ಬೇಕಲ್ಲ, ನಾನು ಹಾಕುದಿಲ್ಲ,” ಎಂದೆ. “ಬೆಲ್ಟ್ ಹಿಡಿದದ್ದು ನಾನು. ನಡೆದದ್ದನ್ನು ನಾನು ಬರೀತೇನೆ. ಅಜ್ಜಿ ಬಲಗಾಲ ಮೇಲೆ ನಿಂತದ್ದನ್ನೂ ಬರೀತೇನೆ. ನಾನು ತಿಂಗಳುಗಟ್ಟಲೆ ಬಾಯಿ ಬಡ್ಕೊಂಡರೂ ಆಗದ್ದು ಒಂದು ನಮಸ್ಕಾರದಲ್ಲಿ ಆಯ್ತು ಮಾರಾಯ್ರೆ, ಅದು ನಿಮ್ಮ ಕಾಗದದಲ್ಲಿ ಬೇಡವಾ?”

“ದೆನ್ ಪರ್ಮಿಶನ್ ಕ್ಯಾನ್ಸಲ್ ಮೇಡಂ. ಸಾರಿ.”

“ಮಾಡಿ. ಮುಂದೆ ಬರುವ ಗಂಟೆ ನಿಲ್ಲಿಸ್ಲಿಕ್ಕೆ ನಿಮಗೆ ಅಧಿಕಾರ ಉಂಟು. ಅವಳು ನಿಂತು ಮುಗಿಸಿದ ಗಂಟೆ ಅಳಿಸ್ಲಿಕ್ಕೆ ನಿಮ್ಮ ಹತ್ರ ರಬ್ಬರ್ ಉಂಟಾ?”

ಅಂದೇ ವರದಿ ಬರೆದೆ. ಅದರ ಜೊತೆಗೆ, ಆ ದಿನದವರೆಗಿನ ಗಂಟೆಗಳು ನನ್ನ ಲೈಸೆನ್ಸಿನ ಹೊಣೆಯಲ್ಲಿ ಮುಗಿದಿವೆ, ಸೀಲು ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದೂ ಸೇರಿಸಿ, ಎರಡನ್ನೂ ಮೆಡಿಕಲ್ ಡೈರೆಕ್ಟರ್ ಮೇಜಿಗೆ ತೆಗೆದುಕೊಂಡು ಹೋದೆ. ಅವರು ಜೋರ್ಡಾನಿನ ಡಾಕ್ಟರ್, ಮಾತು ಕಡಿಮೆ. ಎರಡು ಸಲ ಓದಿದರು. “ವರದಿ ಹೀಗೆಯೇ ದಾಖಲಾಗಲಿ. ಮುಗಿದ ಗಂಟೆಗಳಿಗೆ ಸೀಲು ಒತ್ತಲಿ. ಆದರೆ ಆಕೆ ಈ ಕೇಂದ್ರದ ನೆಲಕ್ಕೆ ಮತ್ತೆ ಬರಬಾರದು. ಖಲಾಸ್,” ಎಂದರು. ಅರ್ಧ ಗೆದ್ದೆವು, ಅರ್ಧ ಸೋತೆವು. ಉಳಿದ ಗಂಟೆಗಳಿಗೆ ಜಾಗವಿರಲಿಲ್ಲ. ಬೇರೆ ಕೇಂದ್ರಗಳಿಗೆ ಫೋನ್ ಮಾಡಿದರೆ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಶುಕ್ರವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಹೊರಬಂದರೆ ಅಲ್ಲಿಯೂ ಅದೇ ಮಾತು. ನನ್ನ ದೂರದ ಅತ್ತಿಗೆಯೊಬ್ಬಳು ಸಮೋಸ ಕಚ್ಚುತ್ತಾ, “ಎಂತ ಐರಿನ್, ನೆಲ ಚಂಡಿ ಇತ್ತು ಅಂತ ಬರೆದಿದ್ರೆ ನಿಂಗೆ ಎಂತ ಹೋಗ್ತಿತ್ತು?” ಎಂದಳು. “ನಂಗೆ ಎಂತದೂ ಹೋಗ್ತಿರ್ಲಿಲ್ಲ, ಹೋಗುದು ಮಾಯಾಂದು. ಅದಕ್ಕೇ ಬರೀಲಿಲ್ಲ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹರೀಶನೂ ನನಗೆ ಫೋನ್ ಮಾಡಿದ. ಒಳ್ಳೆಯ ಹುಡುಗ, ಹೆಂಡತಿಗಾಗಿ ಮಿಡಿಯುತ್ತಿದ್ದ. “ಅವಳಿಗೆ ಒಂದು ಮಾತು ಹೇಳಿ ಮೇಡಂ, ಇನ್ನೂ ಟೈಮಿದೆ, ಪ್ರಸಾದ್ ಸರ್ ಒಪ್ಕೋತಾರೆ,” ಎಂದ. “ನೀನೇ ಹೇಳು,” ಎಂದೆ. “ಹೇಳ್ದೆ. ನಾಳೆ ಮಕ್ಕಳು ಕೇಳಿದ್ರೆ ಮಾಯಾ ವಿಷಯ ನೀನೇ ಹೇಳ್ತೀಯಾ ಅಂದ್ಲು,” ಎಂದ.

ವಾರ ಕಳೆದ ಮೇಲೆ ನೂರಾ ಫೋನ್ ಮಾಡಿದರು. ದೂರು ಕೊಡಲು ಹೊರಟಿದ್ದಾರೆ ಎಂದೇ ಎದೆ ಗಟ್ಟಿಮಾಡಿಕೊಂಡು ಎತ್ತಿದೆ. ಬಿಸಿಲು ಏರಿದ್ದರಿಂದ ತಾಯಿಗೆ ಇನ್ನು ಮನೆಯಲ್ಲೇ ಚಿಕಿತ್ಸೆ ಬೇಕು, ನಾನೇ ಬರಬೇಕು ಎಂದರು. ಆಮೇಲೆ, “ಆ ಹುಡುಗಿಯನ್ನೂ ಕರೆದುಕೊಂಡು ಬರಬೇಕಂತೆ. ಅಮ್ಮ ಅವಳ ಹತ್ತಿರ ಏನೋ ಕೇಳಬೇಕಂತೆ,” ಎಂದರು.

ಮನೆಗೆ ಹೋಗಿ ಚಿಕಿತ್ಸೆ ಕೊಡುವ ಹೋಮ್ ಕೇರ್ ವಿಭಾಗದ ನಿಯಮ ಬೇರೆ. ಅಲ್ಲಿ ಯಾರು ನೋಡಬಹುದು, ಯಾರು ನೋಡಬಾರದು ಎಂಬುದು ರೋಗಿಯ ಒಪ್ಪಿಗೆಗೆ ಬಿಟ್ಟದ್ದು. ಅದಲ್ಲದೆ ವಿಶ್ವವಿದ್ಯಾಲಯ ಕೇಳಿದ್ದು ಎರಡು ಬಗೆಯ ಜಾಗ, ಮನೆ ಎರಡನೆಯದಾಗುತ್ತದೆ. ನಾನು ಡೈರೆಕ್ಟರ್ ಬಳಿ ಹೋಗಿ, “ನೀವು ಹೇಳಿದ್ದು ಈ ಕೇಂದ್ರದ ನೆಲ. ಅಜ್ಜಿಯ ಮನೆಯ ನೆಲ ಅಜ್ಜಿಯದು,” ಎಂದೆ. ಅವರು ನನ್ನನ್ನೇ ನೋಡಿ, ನಗು ನುಂಗಿಕೊಂಡು, ಒಪ್ಪಿಗೆ ಕೊಟ್ಟರು. ಪ್ರಸಾದ್ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನನ್ನ ಆರೋಗ್ಯ ಅದರಿಂದ ಸುಧಾರಿಸಿತು.

ಉಮ್ ಖಾಲಿದ್ ಮನೆಯ ಹೆಂಗಸರ ಮಜ್ಲಿಸ್‌ನಲ್ಲಿ, ಅಂದರೆ ಅತಿಥಿಗಳು ಕೂರುವ ದೊಡ್ಡ ಕೋಣೆಯಲ್ಲಿ, ಗಾವಾ ಎಂಬ ಅರಬ್ಬಿ ಕಾಫಿ ಮತ್ತು ಖರ್ಜೂರ ಇಟ್ಟು ಕಾದಿದ್ದರು. ಚೈತ್ರಾ ಬಾಗಿಲಲ್ಲೇ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅಜ್ಜಿ ಅವಳನ್ನು ಎದುರಿಗೆ ಕರೆದು ಅರಬ್ಬಿಯಲ್ಲಿ ಕೇಳಿದರು, ನಾನು ಕನ್ನಡಕ್ಕೆ ತಿರುಗಿಸಿದೆ.

“ಯಾಕೆ ನನ್ನ ಕಾಲಿಗೆ ಬಿದ್ದೆ? ನಾನೇನು ನಿನ್ನ ದೇವರೋ?”

“ಬೀಳಲಿಲ್ಲ ಅಮ್ಮಾ. ನನ್ ಕಾಲು ನಿಮಗೆ ತಾಗ್ತು. ತಾಗಿದ್ರೆ ಮುಟ್ಟಿ ಕಣ್ಣಿಗೆ ಒತ್ಕೋತೀವಿ. ಪುಸ್ತಕಕ್ಕೆ ತಾಗಿದ್ರೂ ಹಂಗೇ, ಮಗುಗೆ ತಾಗಿದ್ರೂ ಹಂಗೇ. ತುಳಿದಿದ್ದಕ್ಕೆ ಕ್ಷಮೆ ಕೇಳೋದು, ಅಷ್ಟೇ.”

ಅಜ್ಜಿ ಯೋಚಿಸಿದರು. “ಕಣ್ಣಿಗೆ ಒತ್ತುವುದು ನಮ್ಮಲ್ಲೂ ಉಂಟು. ಯಾರಾದರೂ ಏನಾದರೂ ಕೇಳಿದರೆ ಕಣ್ಣು ಮುಟ್ಟಿ ‘ಮಿನ್ ಉಯೂನಿ’ ಎನ್ನುತ್ತೇವೆ. ನನ್ನ ಕಣ್ಣಿನಿಂದಲೇ ಕೊಟ್ಟೆ ಅಂತ,” ಎಂದರು. ಆಮೇಲೆ ಬೆರಳು ಎತ್ತಿ ಎಚ್ಚರಿಸಿದರು. “ಆದರೆ ಕಾಲು ಬೇಡ, ಯಾ ಬಿಂತಿ, ನನ್ನ ಮಗಳೇ. ಭುಜ ಮುಟ್ಟು. ಬಾಗುವುದು ಅಲ್ಲಾಹನಿಗೆ ಮಾತ್ರ.”

“ಆಯ್ತು ಅಮ್ಮಾ. ಭುಜ.”

“ಆ ದಿನ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನನ್ನ ಕಾಲು ಮುರಿದದ್ದೇ ಮರೆತುಹೋಯಿತು,” ಎಂದು ಅಜ್ಜಿ ಸೊಂಟ ಅಲುಗುವಂತೆ ನಕ್ಕರು. “ಯಲ್ಲಾ, ಎಬ್ಬಿಸಿ ನನ್ನನ್ನು. ಒಮ್ಮೆ ನಿಂತ ಕಾಲು ಇನ್ನೊಮ್ಮೆ ನಿಲ್ಲುವುದಿಲ್ಲವೇ?”

ನಿಂತಿತು. ಮೊದಲು ಸೋಫಾದ ಬೆನ್ನು ಹಿಡಿದು, ಆಮೇಲೆ ವಾಕರ್ ಹಿಡಿದು. ಮೇ ತಿಂಗಳು ಮುಗಿಯುವಷ್ಟರಲ್ಲಿ ಅಡುಗೆಮನೆಯ ತನಕ ಹೋಗಿ ಕೆಲಸದವರನ್ನು ಬೈದು ಬರುವಷ್ಟು ನಡೆಯುತ್ತಿದ್ದರು. ಚೈತ್ರಾಳ ನೂರು ಗಂಟೆಯೂ ಅಲ್ಲಿಯೇ ತುಂಬಿತು.

ಅರ್ಜಿಯ ಜೊತೆ ಮೇಲ್ವಿಚಾರಕರು ಗುಟ್ಟಾಗಿ ತುಂಬಿ ಕಳಿಸುವ ಮೌಲ್ಯಮಾಪನವೊಂದಿತ್ತು. ‘ಅಭ್ಯರ್ಥಿ ಎಂದಾದರೂ ಕ್ಲಿನಿಕ್ಕಿನ ನಿಯಮ ಮುರಿದದ್ದುಂಟೆ?’ ಎಂಬುದು ಅದರಲ್ಲಿ ಒಂದು ಪ್ರಶ್ನೆ. ಹೌದು ಎಂದು ಗುರುತು ಹಾಕಿ, ನಡೆದದ್ದನ್ನು ಪೂರ್ತಿ ಬರೆದೆ. ಗುಟ್ಟಿನದಾದರೂ ಅವಳಿಗೆ ಮೊದಲೇ ಹೇಳಿದೆ. “ನಾನೂ ನನ್ ಪ್ರಬಂಧದಲ್ಲಿ ಅದನ್ನೇ ಬರ್ದಿದೀನಿ ಮೇಡಂ,” ಎಂದಳು. ನಮ್ಮಿಬ್ಬರಿಗೂ ಬುದ್ಧಿ ಇಲ್ಲ ಎಂದು ಹರೀಶ ತೀರ್ಮಾನಿಸಿರಬೇಕು.

ಸಂದರ್ಶನ ವಿಡಿಯೋ ಕರೆಯಲ್ಲಿ. ಮನೆಯಲ್ಲಿ ಮಕ್ಕಳ ಗಲಾಟೆ ಎಂದು ಅಲ್ ಸದ್ದ್‌ನ ನನ್ನ ಫ್ಲ್ಯಾಟಿನಲ್ಲಿಯೇ ಅವಳನ್ನು ಕೂರಿಸಿದೆ. ನಾನು ಅಡುಗೆಮನೆಯಲ್ಲಿ ಕುಕ್ಕರ್ ಆರಿಸಿ, ಫ್ಯಾನ್ ಆರಿಸಿ, ಉಸಿರನ್ನೂ ಸ್ವಲ್ಪ ಆರಿಸಿಕೊಂಡು ಕುಳಿತೆ. ಮೂವರು ಪ್ರಶ್ನೆ ಕೇಳುವವರು. ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಆಮೇಲೆ ಒಬ್ಬಾಕೆ ಇಂಗ್ಲಿಷಿನಲ್ಲಿ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: ನೀವು ರೋಗಿಯನ್ನು ಅಪಾಯಕ್ಕೆ ಒಡ್ಡಿದಿರಿ. ಇಂಥ ಅಭ್ಯಾಸವನ್ನು ಬಿಡುತ್ತೀರಿ ಎಂದು ನಾವು ಹೇಗೆ ನಂಬುವುದು?

ನಾನು ಬೆರಳು ಕಚ್ಚಿಕೊಂಡೆ. ಬಿಡುತ್ತೇನೆ ಎಂದುಬಿಡು ಮಾರಾಯ್ತಿ, ಅಷ್ಟು ಹೇಳಿದರೆ ಮುಗಿಯಿತು ಎಂದು ನನ್ನ ಮನಸ್ಸೂ ಆ ಕ್ಷಣ ಪ್ರಸಾದರ ಪಕ್ಷ ಸೇರಿತ್ತು.

ಚೈತ್ರಾ ನಿಧಾನವಾಗಿ ಹೇಳಿದಳು. “ಅಭ್ಯಾಸ ಬಿಡುತ್ತೇನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಕಾಲು ಯಾರಿಗಾದರೂ ತಾಗಿದರೆ ನನಗೆ ಮುಟ್ಟಿ ಕ್ಷಮೆ ಕೇಳಬೇಕೆನಿಸುತ್ತದೆ, ಮುಂದೆಯೂ ಅನಿಸುತ್ತದೆ. ಆದರೆ ಕ್ರಮ ಬದಲಾಯಿಸುತ್ತೇನೆ. ಮೊದಲು ರೋಗಿಯನ್ನು ಹಿಡಿಯುತ್ತೇನೆ. ಆಮೇಲೆ ಕೂರಿಸುತ್ತೇನೆ. ಆಮೇಲೆ, ಮುಟ್ಟಬಹುದೇ ಎಂದು ಕೇಳುತ್ತೇನೆ. ಒಪ್ಪಿದರೆ ಭುಜ ಮುಟ್ಟುತ್ತೇನೆ. ಇದನ್ನು ನನಗೆ ಕಲಿಸಿದ್ದು ಆ ರೋಗಿಯೇ.”

ಅದೇ ಹೆಂಗಸು, “ಮತ್ತೆ ನೆಲ?” ಎಂದು ಕೇಳಿದರು. ಮೌಲ್ಯಮಾಪನದಲ್ಲಿ ನಾನು ಆ ಒದ್ದೆ ನೆಲದ ಮಾತನ್ನೂ ಬರೆದಿದ್ದೆ.

“ಒಣಗಿತ್ತು,” ಎಂದಳು ಚೈತ್ರಾ.

ಕರೆ ಮುಗಿಸಿ ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತಳು. “ಹೋಯ್ತು ಮೇಡಂ. ಬಿಡ್ತೀನಿ ಅಂದಿದ್ರೆ ಆಗಿರೋದು.” ನಾನು ಅವಳಿಗೆ ಬಿಸಿ ಗಂಜಿ, ಮೀನಿನ ಚಟ್ನಿ ಬಡಿಸಿದೆ. ಅವಳು ಸಸ್ಯಾಹಾರಿ ಎಂಬುದು ಬಡಿಸಿದ ಮೇಲೆ ನೆನಪಾಯಿತು. ಉಪ್ಪಿನಕಾಯಿ ಹಾಕಿ ಬೇರೆ ತಟ್ಟೆ ಕೊಟ್ಟೆ. ಇಬ್ಬರೂ ನಕ್ಕೆವು. ನಾನು ಸಮಾಧಾನದ ಮಾತೊಂದನ್ನೂ ಆಡಲಿಲ್ಲ, ಯಾಕೆಂದರೆ ಹೋಯಿತು ಎಂದೇ ನನಗೂ ಅನಿಸಿತ್ತು.

ಜುಲೈನಲ್ಲಿ ಉತ್ತರ ಬಂತು. ಸೀಟು ಸಿಕ್ಕಿತ್ತು. ಪತ್ರದಲ್ಲಿ ಹೊಗಳಿಕೆ ಏನೂ ಇರಲಿಲ್ಲ, ಶುಲ್ಕ ಕಟ್ಟುವ ವಿಧಾನವಿತ್ತು. ಅದನ್ನು ಪ್ರಿಂಟ್ ತೆಗೆದು ಪ್ರಸಾದರ ಮೇಜಿನ ಮೇಲಿಟ್ಟು ಬಂದೆ. ಸಂಜೆ ಅವರು ನನ್ನ ಬಾಗಿಲಿಗೆ ಬಂದು, “ಕಂಗ್ರಾಟ್ಸ್ ಹೇಳಿ ಅವರಿಗೆ,” ಎಂದರು. ಮತ್ತೆ ಒಂದು ಹೆಜ್ಜೆ ಹೋಗಿ ತಿರುಗಿ, “ಇನ್ಸ್‌ಪೆಕ್ಷನ್‌ನಲ್ಲಿ ಆ ರಿಪೋರ್ಟ್ ನೋಡಿದ್ರು. ಹಿಂಗೇ ಬರೀಬೇಕು ಅಂದ್ರು,” ಎಂದರು. ಕೆಲವೊಮ್ಮೆ ನನಗೂ ಬಾಯಿ ಮುಚ್ಚಲು ಬರುತ್ತದೆ.

ಈ ಕೆಲಸದಲ್ಲಿ ನಾನು ಸಾವಿರಾರು ಕಾಲು ನೋಡಿದ್ದೇನೆ. ಮುರಿದ ಕಾಲು ಕೂಡಿಕೊಳ್ಳುತ್ತದೆ, ಅದು ಸರ್ಜನ್ ಕೆಲಸ. ಹೆದರಿದ ಕಾಲು ಕೂಡಿಕೊಂಡರೂ ನಿಲ್ಲುವುದಿಲ್ಲ. ಅದು ಭಾರವನ್ನೆಲ್ಲ ಇನ್ನೊಂದು ಕಾಲಿನ ಮೇಲೆ, ತೋಳಿನ ಮೇಲೆ, ಪಕ್ಕದಲ್ಲಿ ನಿಂತವರ ಮೇಲೆ ದಾಟಿಸುತ್ತದೆ. ಮನುಷ್ಯರೂ ಹಾಗೆಯೇ ದಾಟಿಸುತ್ತಾರೆ. ಯಾವ ಕಾಲಿಗೆ ಹೆದರಿಕೆಯೋ ಅದರ ಮೇಲೆಯೇ ನಿಲ್ಲಬೇಕು, ಬೇರೆ ಮದ್ದಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಇದನ್ನು ಪ್ರವೇಶದ ಷರತ್ತು ಎಂದು ಯಾವ ವಿಶ್ವವಿದ್ಯಾಲಯವೂ ಬರೆದಿಲ್ಲ. ಬರೆಯಬೇಕಿತ್ತು.

ಕಳೆದ ವರ್ಷ ಚೈತ್ರಾ ಕೊನೆಯ ತರಬೇತಿಗೆಂದು ನಮ್ಮ ಕೇಂದ್ರಕ್ಕೇ ಬಂದಳು. ಡೈರೆಕ್ಟರ್ ತಮ್ಮ ಮಾತನ್ನು ತಾವೇ ಹಿಂದೆಗೆದುಕೊಂಡಿದ್ದರು. ಈಗ ಅವಳು ನಿಂತದ್ದು ಹಳದಿ ಟೇಪಿನ ಈ ಕಡೆ, ಬೆಲ್ಟ್ ಅವಳ ಮುಷ್ಟಿಯಲ್ಲಿ. ಅದೇ ವಾರ ಉಮ್ ಖಾಲಿದ್ ಮಂಡಿನೋವೆಂದು ಕೋಲೂರಿಕೊಂಡು ಬಂದರು. ಚೈತ್ರಾಳನ್ನು ಕಂಡವರೇ ನೇರ ಅವಳ ಕಡೆಗೆ ನಡೆದರು. ಹತ್ತಿರ ಬಂದಾಗ ಕೋಲಿನ ತುದಿ ಅವಳ ಶೂವಿಗೆ ತಾಗಿತು. ಬೇಕೆಂದೇ ತಾಗಿಸಿದರು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಅಜ್ಜಿ ಎರಡೂ ಕಾಲಿನ ಮೇಲೆ ಗಟ್ಟಿಯಾಗಿ ನಿಂತು, ಕೋಲನ್ನು ಎಡಗೈಗೆ ದಾಟಿಸಿ, ಬಲಗೈಯಿಂದ ಚೈತ್ರಾಳ ಭುಜ ಮುಟ್ಟಿದರು. ಆ ಬೆರಳುಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು.

“ಖಲಾಸ್,” ಎಂದರು. “ಈಗ ನಾವಿಬ್ಬರೂ ಸಮ.”

ಮಾಯಾ ಒಣಬಟ್ಟೆಯಲ್ಲಿ ಕೊನೆಯ ಸಲ ಒರೆಸಿ ಮುಗಿಸಿ, ಬಕೆಟ್ ಹಿಡಿದು ಅಲ್ಲೇ ನಿಂತು ನೋಡುತ್ತಿದ್ದಳು. ನೆಲ ಒಣಗಿತ್ತು.